ಹಳೇ ಮನೆ ಅಳೆದು ನಕ್ಷೆ ಬರೆಯಲು ಬಾಷ್ ಜಿಎಲ್‌ಎಂ 40 ಸಾಕೇ?

ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಇರುವ ಕಟ್ಟಡವನ್ನು ಅಳೆದು ಬರೆಯುವ ಮೆಷರ್ಡ್ ಡ್ರಾಯಿಂಗ್‌ಗೆ ಲೇಸರ್ ಮೀಟರ್ (ಬೆಳಕಿನ ಚುಕ್ಕಿ ಬಿಟ್ಟು ದೂರ ಅಳೆಯುವ ಸಾಧನ) ಕೊಳ್ಳುವುದಾದರೆ ಇದು ಧಾರಾಳ ಸಾಕು. ಆದರೆ 5 ಮೀಟರಿನ ಸ್ಟೀಲ್ ಟೇಪು ಚೀಲದಲ್ಲಿ ಇರಲೇಬೇಕು.

ಇದು ಅಳೆಯುವುದು 0.15ರಿಂದ 40 ಮೀಟರ್‌ವರೆಗೆ, ನಿಖರತೆ ±1.5 ಮಿ.ಮೀ. 1:50ರ ನಕ್ಷೆಯಲ್ಲಿ 0.2 ಮಿ.ಮೀ. ಪೆನ್ನಿನ ಗೆರೆಯೇ ನಿಜದಲ್ಲಿ 10 ಮಿ.ಮೀ. ದಪ್ಪ. ಹಾಗಿರುವಾಗ ಇನ್ನೂ ನಿಖರವಾದ ಮಾದರಿಗೆ ದುಡ್ಡು ಸುರಿದು ಏನು ಪ್ರಯೋಜನ?

ಹೊಸಬರು ಎಡವುವುದು ರೆಫರೆನ್ಸ್ ಬಟನ್‌ನಲ್ಲಿ. ಅಳತೆ ಮೀಟರಿನ ಹಿಂತುದಿಯಿಂದಲೋ ಮುಂತುದಿಯಿಂದಲೋ ಎಂಬುದನ್ನು ಪರದೆಯ ಮೂಲೆಯ ಪುಟ್ಟ ಚಿಹ್ನೆ ತೋರಿಸುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನಕ್ಷೆ ಹಾಕುವಾಗ ಒಂದು ಗೋಡೆ ಸುಮಾರು 10 ಸೆಂ.ಮೀ. ಹೆಚ್ಚುಕಮ್ಮಿ ಬಂತೆಂದರೆ ಮೊದಲು ಇದನ್ನೇ ಅನುಮಾನಿಸಿ. ಅದು ಮೀಟರಿನದೇ ಉದ್ದ. ಓರೆಯಾಗಿ ಹಿಡಿದರೂ ತಪ್ಪುತ್ತದೆ: 4 ಮೀಟರಿಗೆ 3 ಡಿಗ್ರಿ ವಾಲಿದರೆ 5.5 ಮಿ.ಮೀ. ಜಾಸ್ತಿ ಬರುತ್ತದೆ. ಹಿಂತುದಿಯನ್ನು ಗೋಡೆಗೆ ಪೂರ್ತಿ ಒತ್ತಿ ಹಿಡಿಯಿರಿ. ಗಾರೆ ಉಬ್ಬಿದ ಮಣ್ಣಿನ ಗೋಡೆಯಾದರೆ ಒತ್ತಿದರೂ ನೆಚ್ಚಬೇಡಿ, ಎದುರು ಗೋಡೆಯಲ್ಲಿ ಚುಕ್ಕಿ ಅದೇ ಎತ್ತರಕ್ಕೆ ಬಿದ್ದಿದೆಯೇ ನೋಡಿ.

ಲೇಸರ್ ಉದ್ದ ಹೇಳುತ್ತದೆ, ಮೂಲೆ ಹೇಳುವುದಿಲ್ಲ. ಹಳೇ ತೊಟ್ಟಿ ಮನೆಗಳಲ್ಲಿ ಮೂಲೆಮಟ್ಟಕ್ಕೆ (ಸರಿಯಾಗಿ 90 ಡಿಗ್ರಿಗೆ) ಕೂರುವ ಕೋಣೆ ಅಪರೂಪ, ಹಾಗಾಗಿ ಪ್ರತಿ ಕೋಣೆಗೂ ಎರಡು ಕರ್ಣ ಕಡ್ಡಾಯ. 3000 × 4000 ಮಿ.ಮೀ. ಕೋಣೆಗೆ ಕರ್ಣ 5000 ಬರಬೇಕು. 5020 ಬಂದರೆ ಆ ಕರ್ಣದ ಎದುರಿನ ಮೂಲೆ ಸುಮಾರು ಅರ್ಧ ಡಿಗ್ರಿ ಅಗಲ. ನಾಲ್ಕು ಗೋಡೆಯನ್ನಷ್ಟೇ ಅಳೆದು ತಂದವರು ಆಯತ ಬರೆದುಬಿಡುತ್ತಾರೆ, ಆಮೇಲೆ ಪಕ್ಕದ ಕೋಣೆ ಕೂರುವುದೇ ಇಲ್ಲ.

ಒಂದೇ ಗೋಡೆಯಲ್ಲಿರುವ ಬಾಗಿಲು, ಗೂಡು, ಕಿಟಕಿಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಬೇಡಿ, ತಪ್ಪೂ ಕೂಡುತ್ತಾ ಹೋಗುತ್ತದೆ. ಟೇಪನ್ನು ಮೂಲೆಯ ಸೊನ್ನೆಯಿಂದ ಎಳೆದಿಟ್ಟು ಸಾಲಾಗಿ ಓದಿ, ಕೊನೆಗೆ ಒಟ್ಟು ಉದ್ದವನ್ನು ಲೇಸರಿನಲ್ಲಿ ತಾಳೆ ನೋಡಿ. ಟೇಪಿನ ಕೊಕ್ಕೆ ಅಲ್ಲಾಡುತ್ತದೆಂದು ಬಡಿದು ಬಿಗಿ ಮಾಡುವವರಿದ್ದಾರೆ, ಪಾಪ! ಒಳ ಅಳತೆ, ಹೊರ ಅಳತೆ ಎರಡೂ ಸರಿ ಬರಲೆಂದೇ ಅದು ತನ್ನ ದಪ್ಪದಷ್ಟು ಸರಿಯುವುದು.

15 ಸೆಂ.ಮೀ.ಗಿಂತ ಚಿಕ್ಕದಕ್ಕೆ, ಅಂದರೆ ಬಾಗಿಲ ಚೌಕಟ್ಟು, ಕಂಬದ ತಲೆಯ ಬೋದಿಗೆಯ ಅಂಚುಗಳಿಗೆ, ಟೇಪೇ ಗತಿ. ದುಂಡು ಕಂಬಕ್ಕೆ ದಾರ ಸುತ್ತಿ 3.14ರಿಂದ ಭಾಗಿಸಿ: ಸುತ್ತಳತೆ 628 ಮಿ.ಮೀ. ಇದ್ದರೆ ವ್ಯಾಸ 200.

ಬಿಸಿಲಿನ ಅಂಗಳದಲ್ಲಿ ಕೆಂಪು ಚುಕ್ಕಿ ಕಾಣಿಸದು. ಎದುರಿಗೆ ಬಿಳಿ ರಟ್ಟು ಹಿಡಿಸಿ, ಇಲ್ಲವೇ ಹೊರಗಿನ ಅಳತೆಗಳನ್ನು ಬೆಳಿಗ್ಗೆಯೇ ಮುಗಿಸಿ. ಗಾಜು, ಪಾಲಿಶ್ ಗ್ರಾನೈಟ್‌ಗೂ ರಟ್ಟೇ ಬೇಕು. ಸೆಲ್ ಎಎಎ ಎರಡು, ಹಳ್ಳಿ ಅಂಗಡಿಯಲ್ಲೂ ಸಿಗುತ್ತವೆ. ಕೊಳ್ಳುವಾಗ ಅಲ್ಲೇ ಟೇಪು ಹಾಸಿ 3 ಮೀಟರಿಗೆ ಎರಡೂ ರೆಫರೆನ್ಸ್‌ನಲ್ಲಿ ಒಮ್ಮೆ ಪರೀಕ್ಷಿಸಿ.