ಇಲ್ಲವೋ, ನಿನಗೆ ಕಾಣುತ್ತಿಲ್ಲವೋ: ಮೂರು ಮೆಟಾಡೇಟಾ ಟೂಲ್‌ಗಳ ಡಾಕ್ಯುಮೆಂಟೇಶನ್ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಉಳಿಸಿಕೊಂಡದ್ದು ಮೂರನೆಯದನ್ನು. ಮೂರರಲ್ಲಿ ಅದರ ಡಾಕ್ಯುಮೆಂಟೇಶನ್ನೇ ಎಲ್ಲಕ್ಕಿಂತ ಚಿಕ್ಕದು, ನೋಡೋಕೂ ಚೆಂದವಿಲ್ಲ. ಆದರೂ ಅದೇ ಯಾಕೆ ಅನ್ನುವುದಕ್ಕೆ ಹಾಳಾದ ಒಂದು ಮಧ್ಯಾಹ್ನದ ಕಥೆ ಹೇಳಬೇಕು.

ಬೇಕಿದ್ದ ಕೆಲಸ ಸಣ್ಣದು. ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಬರೆಯುವ ಮೊದಲು ನನ್ನ ಏಜೆಂಟ್ (ಟೂಲ್ ಬಳಸಿ ಕೆಲಸ ಮಾಡುವ ಎಐ ಸಹಾಯಕ) ಡೇಟಾಬೇಸಿನಲ್ಲಿ ಯಾವ ಟೇಬಲ್ ಇದೆ, ಅದರಲ್ಲಿ ಯಾವ ಕಾಲಂ, ಯಾವ ಟೈಪ್ ಅಂತ, ಅಂದರೆ ಮೆಟಾಡೇಟಾವನ್ನು, ಕೇಳಿ ತಿಳಿದುಕೊಳ್ಳಬೇಕು. ಓದುವುದಷ್ಟೇ, ಬರೆಯುವುದು ಅಳಿಸುವುದು ಇಲ್ಲ. ಇಂಥ ಮೂರು ಎಂಸಿಪಿ (ಏಜೆಂಟಿಗೆ ಹೊರಗಿನ ಟೂಲ್ ಜೋಡಿಸುವ ಪದ್ಧತಿ) ಟೂಲ್‌ಗಳನ್ನು ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸಿ, ಅವೇ 12 ಪ್ರಶ್ನೆಗಳನ್ನು ಮೂರರಲ್ಲೂ ಓಡಿಸಿದೆ. ಒಳಗಿನ ಕೋಡ್ ಹೆಚ್ಚುಕಮ್ಮಿ ಒಂದೇ ಥರ. ವ್ಯತ್ಯಾಸವೆಲ್ಲ ಬರವಣಿಗೆಯದ್ದು.

ಮೊದಲನೆಯದಕ್ಕೆ ಉದ್ದನೆಯ ಗೈಡ್ ಇದೆ. ಮನುಷ್ಯರಿಗಾಗಿ ಬರೆದದ್ದು, ಚೆನ್ನಾಗಿಯೇ ಬರೆದಿದ್ದಾರೆ. ತೊಂದರೆ ಏನೆಂದರೆ ಏಜೆಂಟಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ಡಿಸ್ಕ್ರಿಪ್ಷನ್, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ಪಟ್ಟಿ). ಆ ಡಿಸ್ಕ್ರಿಪ್ಷನ್ನಿನಲ್ಲಿ ಇದ್ದದ್ದು ‘ಮೆಟಾಡೇಟಾ ತರುತ್ತದೆ’ ಅನ್ನುವ ಅರ್ಥದ ಒಂದೇ ಸಾಲು.

ಎರಡನೆಯದರದ್ದು ಓಪನ್‌ಎಪಿಐ ಫೈಲಿನಿಂದ (ಎಪಿಐಯ ವಿವರವನ್ನು ಯಂತ್ರ ಓದುವಂತೆ ಬರೆದಿಟ್ಟ ಫೈಲು) ತಾನಾಗಿ ತಯಾರಾದದ್ದು. ಪ್ರತಿ ಫೀಲ್ಡಿಗೂ ವಿವರಣೆ ಉಂಟು, ‘ಟೇಬಲ್ ನೇಮ್: ಟೇಬಲಿನ ಹೆಸರು’ ಅನ್ನುವ ಮಾದರಿಯದು. ಆದರೂ ಶುರುವಿನಲ್ಲಿ ನನ್ನ ಒಲವು ಇದರ ಕಡೆಗೇ ಇತ್ತು. ಸ್ಕೀಮಾ ಪಕ್ಕಾ ಇತ್ತು, ‘ರೀಡ್‌ಓನ್ಲಿಹಿಂಟ್’ (ಟೂಲ್ ಓದುವುದಷ್ಟೇ ಅನ್ನುವ ಗುರುತು) ಕೂಡ ಟ್ರೂ ಅಂತ ಹಾಕಿದ್ದರು. (ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲಿ ಬಂದ ಈ ಗುರುತು ಹೆಸರೇ ಹೇಳುವಂತೆ ಬರೀ ಸುಳಿವು, ಸರ್ವರ್ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟು. ನಿಜವಾದ ಬೀಗ ಡೇಟಾಬೇಸಿನಲ್ಲೇ ಇರಬೇಕು. ಅದಕ್ಕೇ ಮೂರಕ್ಕೂ ಬೇರೆ ಯೂಸರ್ ಮಾಡಿ, ಟೇಬಲ್ ಟೇಬಲಿಗೆ ಸೆಲೆಕ್ಟ್ (ಓದುವ) ಹಕ್ಕು ಮಾತ್ರ ಕೊಟ್ಟಿದ್ದೆ.)

ಎಡವಟ್ಟಾದದ್ದು ಈ ಬೀಗದಿಂದಲೇ. ಬಿಲ್ಲಿಂಗ್‌ಗೆ ಸೇರಿದ ಒಂದು ಟೇಬಲಿಗೆ ಹಕ್ಕು ಕೊಡಲು ಮರೆತಿದ್ದೆ. ಏಜೆಂಟ್ ಎರಡನೆಯ ಟೂಲಿನಲ್ಲಿ ಅದನ್ನು ಹುಡುಕಿತು, ಖಾಲಿ ಪಟ್ಟಿ ಬಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ‘ಇಂಥ ಟೇಬಲ್ ಇಲ್ಲ, ಹೊಸದಾಗಿ ಮಾಡಬೇಕಾಗುತ್ತದೆ’ ಎಂದು ಏಜೆಂಟ್ ಮೈಗ್ರೇಶನ್ನನ್ನೇ (ಡೇಟಾಬೇಸಿನ ರಚನೆ ಬದಲಿಸುವ ಸ್ಕ್ರಿಪ್ಟು) ಬರೆದುಕೊಟ್ಟಿತು, ಅದೂ ಎಷ್ಟು ಧೈರ್ಯವಾಗಿ! ನನಗೇ ಅನುಮಾನ ಬಂತು. ಹೆಸರಿನ ಸ್ಪೆಲಿಂಗ್ ನೋಡಿದೆ. ಕೋಟ್ ಹಾಕದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸುತ್ತದಲ್ಲ, ದೊಡ್ಡಕ್ಷರದ ತಂಟೆಯೇನೋ ಅಂತ ಅದನ್ನೂ ನೋಡಿದೆ. ಬೇರೆ ಡೇಟಾಬೇಸಿಗೆ ಕನೆಕ್ಟ್ ಆಗಿದೆಯೋ ಅಂತ ಕಾನ್ಫಿಗ್ ಎಲ್ಲ ಜಾಲಾಡಿದೆ.

ಕೊನೆಗೆ ಹೊಳೆಯಿತು. ಟೂಲ್ ಒಳಗಿಂದ ಕೇಳುತ್ತಿದ್ದದ್ದು ಇನ್ಫರ್ಮೇಶನ್ ಸ್ಕೀಮಾವನ್ನು, ಅಂದರೆ ಡೇಟಾಬೇಸಿನಲ್ಲಿ ಏನೇನಿದೆ ಎಂದು ಹೇಳುವ ಒಳಪಟ್ಟಿಯನ್ನು. ಅದು ಕೇಳುವ ಯೂಸರಿಗೆ ಒಡೆತನವೋ ಏನಾದರೂ ಹಕ್ಕೋ ಇರುವ ಟೇಬಲ್‌ಗಳನ್ನು ಮಾತ್ರ ತೋರಿಸುತ್ತದೆ. ಪೋಸ್ಟ್‌ಗ್ರೆಸ್‌ನವರು ತಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ಟೂಲಿನವರು ಬರೆದಿಲ್ಲ. ಹಾಗಾಗಿ ‘ಇಲ್ಲ’ ಅಂದರೆ ಇಲ್ಲವೇ ಇಲ್ಲವೋ, ನಿನಗೆ ಕಾಣುತ್ತಿಲ್ಲವೋ, ಏಜೆಂಟಿಗೆ ತಿಳಿಯುವ ದಾರಿಯೇ ಇರಲಿಲ್ಲ. ಟೂಲಿನ ಸ್ಕೀಮಾದ ಲೆಕ್ಕದಲ್ಲಿ ಖಾಲಿ ಪಟ್ಟಿಯೂ ಸರಿಯುತ್ತರವೇ! ಮೊದಲನೆಯ ಟೂಲಿನಲ್ಲೂ ಇದೇ ಗತಿಯಾಯಿತು. ಅವರ ಗೈಡಿನ ಕೊನೆಯಲ್ಲಿ, ಟ್ರಬಲ್‌ಶೂಟಿಂಗ್ ಭಾಗದಲ್ಲಿ ಹಕ್ಕಿನ ಮಾತು ಇದೆ ಅನ್ನಿ. ಓದಬೇಕಾದ ಏಜೆಂಟ್ ಅದನ್ನು ಓದುವುದಿಲ್ಲ, ಅಷ್ಟೆ.

ಮೂರನೆಯದೂ ಅದೇ ಖಾಲಿ ಪಟ್ಟಿ ಕೊಟ್ಟಿತು. ಆದರೆ ಅದರ ಡಿಸ್ಕ್ರಿಪ್ಷನ್ನಿನಲ್ಲಿ ಎರಡು ವಾಕ್ಯ ಹೆಚ್ಚಿಗೆ ಇದ್ದವು. ಹಕ್ಕಿಲ್ಲದ ಟೇಬಲ್‌ಗಳು ಇಲ್ಲಿ ಕಾಣುವುದಿಲ್ಲ. ಉತ್ತರ ಖಾಲಿ ಬಂದರೆ ಟೇಬಲ್ ಇಲ್ಲವೆಂದು ತೀರ್ಮಾನಿಸದೆ ಬಳಕೆದಾರರನ್ನು ಕೇಳಬೇಕು. ಏಜೆಂಟ್ ಹಾಗೇ ಕೇಳಿತು. ನಾನು ಹಕ್ಕು ಕೊಟ್ಟೆ, ಕೆಲಸ ಮುಗಿಯಿತು.

ಸಾಲುಗಳ ಸಂಖ್ಯೆಯಲ್ಲೂ ಹೀಗೇ. ಪೋಸ್ಟ್‌ಗ್ರೆಸ್ ಕ್ಯಾಟಲಾಗಿನಲ್ಲಿ (ಡೇಟಾಬೇಸ್ ತನ್ನ ಬಗ್ಗೆ ಇಟ್ಟುಕೊಂಡ ಪಟ್ಟಿ) ಸಾಲುಗಳ ಸಂಖ್ಯೆ ಹೇಳುವ ‘ರೆಲ್‌ಟ್ಯೂಪಲ್ಸ್’ ಬರೀ ಅಂದಾಜು. 14ನೇ ಆವೃತ್ತಿಯಿಂದ ಅಲ್ಲಿ -1 ಇದ್ದರೆ ಇನ್ನೂ ವ್ಯಾಕ್ಯೂಮ್, ಅನಲೈಜ್ (ಟೇಬಲ್ ಗುಡಿಸಿ ಲೆಕ್ಕ ಹಾಕುವ ಕೆಲಸ) ಆಗಿಲ್ಲ, ಸಂಖ್ಯೆ ಗೊತ್ತಿಲ್ಲ ಎಂದರ್ಥ. ಮೂರನೆಯದು ಅದನ್ನೂ ಹೇಳಿತ್ತು. ಮೊದಲನೆಯದರ ಜೊತೆ ಓಡಿದ ಏಜೆಂಟ್ ‘ಈ ಟೇಬಲಿನಲ್ಲಿ -1 ಸಾಲುಗಳಿವೆ’ ಎಂದು ವರದಿ ಕೊಟ್ಟಿತು.

ಮೂರನೆಯದರಲ್ಲಿ ಹುಳುಕಿಲ್ಲವೆಂದಲ್ಲ. ಫಲಿತಾಂಶ ಜಾಸ್ತಿಯಾದರೆ ಮುಂದಿನ ಪುಟ ಹೇಗೆ ಕೇಳಬೇಕು ಅಂತ ಎಲ್ಲೂ ಬರೆದಿಲ್ಲ, ಕೋಡ್ ತೆರೆದು ನೋಡಬೇಕಾಯಿತು. ಚೇಂಜ್‌ಲಾಗ್ (ಆವೃತ್ತಿಗಳಲ್ಲಿ ಏನೇನು ಬದಲಾಯಿತೆಂಬ ಪಟ್ಟಿ) ಇಲ್ಲ.

ಖರ್ಚಿನ ವಿಷಯ: ಟೂಲಿನ ವಿವರಣೆ ಮಾಡೆಲ್‌ಗೆ ಕಳಿಸುವ ಪ್ರತಿ ರಿಕ್ವೆಸ್ಟಿನ ಜೊತೆಗೂ ಹೋಗುತ್ತದೆ, ಟೋಕನ್ (ದುಡ್ಡು ಲೆಕ್ಕ ಹಾಕುವ ಪಠ್ಯದ ತುಣುಕು) ತಿನ್ನುತ್ತದೆ. ಎರಡನೆಯದರ ಉದ್ದನೆಯ ಸ್ಕೀಮಾ ಅದರಲ್ಲಿ ದುಬಾರಿ. ನಾನು ಓಡಿಸುವುದು ಅಗ್ಗದ ಸಣ್ಣ ಮಾಡೆಲ್. ದೊಡ್ಡದಾಗಿದ್ದರೆ ಹಕ್ಕಿನ ವಿಷಯ ತಾನೇ ಊಹಿಸುತ್ತಿತ್ತೋ ಏನೋ, ಅದಕ್ಕೆ ಕೊಡುವಷ್ಟು ಬಜೆಟ್ ನನಗಿಲ್ಲ. ಕೆಟ್ಟು ನಿಂತ ಮೇಲೇ ಮ್ಯಾನ್ಯುಯಲ್ ತೆರೆಯುವ ಚಾಳಿಯೂ ನನ್ನದು, ಹಾಗಾಗಿ ಗೈಡಿಗೆ ನನ್ನ ಹತ್ತಿರ ಬೆಲೆ ಕಡಿಮೆ. ಹೊಸಬರಿಗೆ ಕಲಿಸಬೇಕಾದ ತಂಡವಾದರೆ ಮೊದಲನೆಯದನ್ನೇ ತೆಗೆದುಕೊಳ್ಳಿ.

ಎರಡನೆಯದರ ಡಿಸ್ಕ್ರಿಪ್ಷನ್ನಿಗೆ ಆ ಎರಡು ವಾಕ್ಯಗಳನ್ನು ನಾನೇ ಸೇರಿಸಿ, ಹಕ್ಕು ವಾಪಸ್ ತೆಗೆದು ಮತ್ತೆ ಓಡಿಸಿ ನೋಡಿದೆ. ಈ ಸಲ ಏಜೆಂಟ್ ಸುಮ್ಮನೆ ಮೈಗ್ರೇಶನ್ ಬರೆಯದೆ ಕೇಳಿತು. ಆದರೆ ಮುಂದಿನ ಅಪ್‌ಡೇಟಿನಲ್ಲಿ ವಿವರಣೆಯೆಲ್ಲ ಫೈಲಿನಿಂದ ಹೊಸದಾಗಿ ತಯಾರಾಯಿತು, ನನ್ನ ವಾಕ್ಯಗಳು ಅಳಿಸಿಹೋದವು.