ಕಂಪನಿ ಕಾರುಗಳ ಲೀಸ್ ಸೇವೆ: ಮಿತಿ ದಾಟಿದ ಕಿಲೋಮೀಟರಿನ ಲೆಕ್ಕ

ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ವಿತರಣಾ ಕಂಪನಿಯು ಮಾರಾಟ ಪ್ರತಿನಿಧಿಗಳಿಗಾಗಿ ಮೂರು ವರ್ಷದ ಅವಧಿಗೆ ಲೀಸ್ ಮೇಲೆ ಪಡೆದಿದ್ದ ಕಾರುಗಳನ್ನು ಇತ್ತೀಚೆಗೆ ಹಿಂದಿರುಗಿಸಿತು. ವಿಮೆ, ಸರ್ವಿಸ್, ಟಯರ್ ಎಲ್ಲವನ್ನೂ ಒಂದೇ ಮಾಸಿಕ ಬಾಡಿಗೆಯಲ್ಲಿ ಸೇರಿಸಿ ಕೊಡುವ ಈ ಸೇವೆಯನ್ನು ಪಡೆಯಬೇಕೆಂದಿರುವ ಕರಾವಳಿಯ ಕಂಪನಿಗಳಿಗೆ ಉಪಯೋಗವಾಗಲೆಂದು, ಕಚೇರಿಯಲ್ಲಿ ವಾಹನಗಳ ಲೆಕ್ಕ ನೋಡಿಕೊಳ್ಳುವ ನಾನು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಲೀಸ್ ಕೊಟ್ಟ ಸಂಸ್ಥೆಯ ಹೆಸರನ್ನು ಹೇಳುತ್ತಿಲ್ಲ. ಷರತ್ತುಗಳ ಬಗ್ಗೆಯಷ್ಟೇ ಬರೆಯುತ್ತೇನೆ.

ನಿರ್ವಹಣೆಯ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಸರ್ವಿಸ್ ದಿನಾಂಕವನ್ನು ಅವರೇ ನೆನಪಿಸುತ್ತಿದ್ದರು, ಕಾರು ವರ್ಕ್‌ಶಾಪಿನಲ್ಲಿ ಉಳಿದರೆ ಬದಲಿ ಕಾರು ಕಳುಹಿಸುತ್ತಿದ್ದರು. ಎಚ್ಚರಿಕೆ ಬೇಕಿರುವುದು ಕಿಲೋಮೀಟರ್ ಮಿತಿಯ ವಿಷಯದಲ್ಲಿ: ಲೀಸ್ ಅವಧಿಯಲ್ಲಿ ಕಾರು ಇಷ್ಟೇ ಓಡಬೇಕೆಂದು ಕರಾರಿನಲ್ಲಿ ಗೊತ್ತುಮಾಡಿರುತ್ತಾರೆ, ಅದನ್ನು ದಾಟಿದರೆ ಪ್ರತಿ ಕಿಲೋಮೀಟರಿಗೂ ಶುಲ್ಕ.

ಲೀಸ್ ಕೊಡುವ ಸಂಸ್ಥೆಯು ಅವಧಿ ಮುಗಿದ ಮೇಲೆ ಕಾರನ್ನು ಎಷ್ಟಕ್ಕೆ ಮಾರಬಹುದೆಂದು ಮೊದಲೇ ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಬಾಡಿಗೆಯನ್ನು ಗೊತ್ತುಮಾಡುತ್ತದೆ. ಕಾರು ಹೆಚ್ಚು ಓಡಿದಷ್ಟೂ ಮರುಮಾರಾಟದ ಬೆಲೆ ಇಳಿಯುತ್ತದೆ, ಸರ್ವಿಸ್ ಖರ್ಚು ಏರುತ್ತದೆ. ಆದ್ದರಿಂದ ಹೆಚ್ಚುವರಿ ಕಿಲೋಮೀಟರಿಗೆ ಶುಲ್ಕ ಹಾಕುವುದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಆದರೆ ಬಾಡಿಗೆ ಕಡಿಮೆ ಕಾಣಲೆಂದು ಮಾರಾಟದವರು ಕಡಿಮೆ ಮಿತಿಯ ಯೋಜನೆಯನ್ನೇ ಮುಂದಿಡುತ್ತಾರೆ, ಹೆಚ್ಚುವರಿ ಶುಲ್ಕದ ದರವಾದರೋ ಕರಾರಿನ ಕೊನೆಯ ಅನುಬಂಧದಲ್ಲಿ ಸಣ್ಣ ಕೋಷ್ಟಕವಾಗಿ ಉಳಿಯುತ್ತದೆ. ಬಾಡಿಗೆ ಹೇಳುವಾಗಲೇ ಈ ದರವನ್ನೂ ಹೇಳಬೇಕಿತ್ತು ಎಂಬುದೇ ನನ್ನ ಮುಖ್ಯ ಆಕ್ಷೇಪ.

ನಮ್ಮ ಭಾಗದ ಓಡಾಟಕ್ಕೆ ಈ ಮಿತಿ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ನೋಡಿ. ಮೂರು ವರ್ಷಕ್ಕೆ 60,000 ಕಿಲೋಮೀಟರ್ ಮಿತಿ ಎಂದರೆ ತಿಂಗಳಿಗೆ ಸುಮಾರು 1,670. ಮಂಗಳೂರಿನಿಂದ ಉಡುಪಿ, ಕುಂದಾಪುರ ದಾಟಿ ಬೈಂದೂರಿಗೆ ಹೋಗಿ ಬರುವ ಪ್ರತಿನಿಧಿಗೆ ಒಂದು ಸಲಕ್ಕೆ 250 ಕಿಲೋಮೀಟರ್ ಆಗುತ್ತದೆ. ವಾರಕ್ಕೊಮ್ಮೆ ಈ ದಾರಿ ಹಿಡಿದರೆ ತಿಂಗಳಿಗೆ 1,000 ಅಲ್ಲಿಗೇ ಮುಗಿಯಿತು. ಬೆಂಗಳೂರಿನ ಸಭೆಗೆ ಒಮ್ಮೆ ಕಾರಿನಲ್ಲೇ ಹೋಗಿ ಬಂದರೆ ಇನ್ನೊಂದು 700. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಅಂಗಡಿಗಳಿಗೆ ಹೋಗಲು ಮತ್ತೆ ಉಳಿಯುವುದೇನು? ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಚಾರ್ಮಾಡಿಯನ್ನೋ ಸಂಪಾಜೆ, ಮಡಿಕೇರಿಯ ದಾರಿಯನ್ನೋ ಹಿಡಿಯಬೇಕು. ಆ ಸುತ್ತುದಾರಿಯೂ ಮಿತಿಯೊಳಗೇ ಲೆಕ್ಕವಾಗುತ್ತದೆ.

ಇನ್ನು ಹಣದ ಮಾತು. ಕಾರು 75,000 ಓಡಿತು, ದರ ಕಿಲೋಮೀಟರಿಗೆ 6 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ, 15,000 ಹೆಚ್ಚುವರಿ ಕಿಲೋಮೀಟರಿಗೆ 90,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಲೀಸಿಗೆ ಕಟ್ಟಿದ ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ನಮ್ಮ ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ನಮ್ಮಂಥ ಕಂಪನಿಗಳಿಗೆ ಸಿಗುವುದಿಲ್ಲವಾದ್ದರಿಂದ, ತೆರಿಗೆಯ ಮೊತ್ತವನ್ನೂ ಪೂರ್ತಿ ಖರ್ಚೆಂದೇ ಬರೆದುಕೊಳ್ಳಬೇಕಾಗುತ್ತದೆ. ಬಜೆಟ್ ಮಾಡುವಾಗ ಮೂಲ ದರವನ್ನಷ್ಟೇ ಗುಣಿಸಿದರೆ ಸಾಲದು.

ಇದಕ್ಕೆ ಎರಡು ಪರಿಹಾರಗಳು ಕರಾರಿನಲ್ಲೇ ಸಿಗುತ್ತವೆ, ಆದರೆ ಕೇಳಿ ಪಡೆಯಬೇಕು. ಮೊದಲನೆಯದು ಎಲ್ಲ ಕಾರುಗಳ ಮಿತಿಯನ್ನೂ ಒಟ್ಟುಗೂಡಿಸಿ ನೋಡುವ ಷರತ್ತು. ಕುಂದಾಪುರದ ಕಡೆಯ ಕಾರು 75,000 ಓಡಿ, ಮಣಿಪಾಲದೊಳಗೇ ತಿರುಗುವ ಇನ್ನೊಂದು ಕಾರು 45,000 ಮಾತ್ರ ಓಡಿದ್ದರೆ, ಎರಡೂ ಸೇರಿ 1,20,000, ಮಿತಿ ಮೀರಿದಂತಾಗುವುದಿಲ್ಲ. ಈ ಷರತ್ತು ಇಲ್ಲದಿದ್ದರೆ ಮೊದಲ ಕಾರಿಗೆ ಶುಲ್ಕ ತಪ್ಪುವುದಿಲ್ಲ, ಕಡಿಮೆ ಓಡಿದ ಕಾರಿಗೆ ಹಣವೂ ಮರಳುವುದಿಲ್ಲ. ನಮ್ಮ ಕರಾರಿನಲ್ಲಿ ಇದು ಇರಲಿಲ್ಲ. ಹಾಗಾಗಿ ಒಂದೂವರೆ ವರ್ಷದ ಹೊತ್ತಿಗೆ ಕಾರುಗಳನ್ನೇ ಅದಲುಬದಲು ಮಾಡಿ, ಹೆಚ್ಚು ಓಡಿದ್ದನ್ನು ಪೇಟೆಯೊಳಗಿನ ಕೆಲಸಕ್ಕೂ ಕಡಿಮೆ ಓಡಿದ್ದನ್ನು ದೂರದ ದಾರಿಗೂ ಹಾಕಿದೆವು. ಪ್ರತಿನಿಧಿಗಳು ಮೊದಮೊದಲು ಒಪ್ಪಲಿಲ್ಲ, ತಮ್ಮ ಕಾರೆಂಬ ಅಭಿಮಾನ ಅವರಿಗಿತ್ತು. ಮಿತಿಯ ಲೆಕ್ಕವನ್ನು ಮುಂದಿಟ್ಟು ವಿವರಿಸಿದ ಮೇಲೆ ಒಪ್ಪಿದರು.

ಎರಡನೆಯದು ಅವಧಿಯ ನಡುವೆಯೇ ಮಿತಿಯನ್ನು ಪರಿಷ್ಕರಿಸುವುದು. ಓಟ ಹೆಚ್ಚಾಗುತ್ತಿದೆಯೆಂದು ಸಕಾಲದಲ್ಲಿ ತಿಳಿಸಿದರೆ ಸಂಸ್ಥೆಯು ಹೊಸ ಮಿತಿಗೆ ತಕ್ಕಂತೆ ಉಳಿದ ತಿಂಗಳುಗಳ ಬಾಡಿಗೆಯನ್ನು ಏರಿಸಿಕೊಡುತ್ತದೆ. ನಾವು ವಿಚಾರಿಸಿದ ಕಾರುಗಳ ಮಟ್ಟಿಗೆ ಈ ಏರಿಕೆಯು ಕೊನೆಯಲ್ಲಿ ಬರಬಹುದಾಗಿದ್ದ ಶುಲ್ಕಕ್ಕಿಂತ ಕಡಿಮೆಯೇ ಇತ್ತು, ಕೇಳಿದ ವಾರದೊಳಗೇ ಲೆಕ್ಕವೂ ಬಂತು. ಈ ಸೇವೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ ಇದು. ಕೊನೆಯ ತಿಂಗಳುಗಳಲ್ಲಿ ಕೇಳಿದರೆ ಇದರಿಂದ ಪ್ರಯೋಜನವಿಲ್ಲ.

ಸಕಾಲದಲ್ಲಿ ತಿಳಿಯಬೇಕೆಂದರೆ ಮೀಟರ್ ನೋಡುತ್ತಲೇ ಇರಬೇಕು. ತಿಂಗಳ ಕೊನೆಯ ದಿನ ಓಡೋಮೀಟರಿನ ಫೋಟೊ ಕಳುಹಿಸದಿದ್ದರೆ ಪೆಟ್ರೋಲ್ ಬಿಲ್ ಪಾಸಾಗದು ಎಂಬ ನಿಯಮ ಮಾಡಿದ ಮೇಲೆ ನಮ್ಮಲ್ಲಿ ಲಾಗ್ ಬುಕ್ ಸರಿಹೋಯಿತು. ಹೆಜಮಾಡಿ ಮತ್ತು ಸಾಸ್ತಾನದ ಟೋಲುಗಳ ಫಾಸ್ಟ್ಯಾಗ್ ವಿವರವನ್ನು ಲಾಗ್ ಬುಕ್ಕಿನ ಜೊತೆ ತಾಳೆ ನೋಡಿದರೆ ಯಾವ ಓಡಾಟ ಕಚೇರಿಯದು, ಯಾವುದು ಭಾನುವಾರದ ಕೊಲ್ಲೂರು ಯಾತ್ರೆಯದು ಎಂಬುದು ತಿಳಿಯುತ್ತದೆ. ಸ್ವಂತದ ಓಡಾಟಕ್ಕೆ ಕಾರು ಕೊಡಬಾರದೆಂದು ನಾನು ಹೇಳುತ್ತಿಲ್ಲ. ಅದಕ್ಕೆಷ್ಟು ಕಿಲೋಮೀಟರ್ ಎಂದು ಮೊದಲೇ ಗೊತ್ತುಮಾಡಿ, ಬರೆದು ಕೊಡಬೇಕು. ಬೆಂಗಳೂರಿಗಂತೂ ರಾತ್ರಿ ರೈಲೇ ವಾಸಿ.

ಹಿಂದಿರುಗಿಸುವ ದಿನ ಪರೀಕ್ಷಕರು ಓಡೋಮೀಟರಿನ ಫೋಟೊ ತೆಗೆದುಕೊಂಡು, ಟಾರ್ಚ್ ಹಿಡಿದು ಕಾರಿನ ಅಡಿಭಾಗವನ್ನೆಲ್ಲ ನೋಡಿದರು. ಸಮುದ್ರದ ಉಪ್ಪುಗಾಳಿಗೆ ಸೈಲೆನ್ಸರಿನ ಸುತ್ತ ಹಿಡಿದಿದ್ದ ತುಕ್ಕನ್ನು ಸಹಜ ಸವೆತವೆಂದೇ ಒಪ್ಪಿಕೊಂಡದ್ದು ಅವರ ದೊಡ್ಡತನ. ಆದರೆ ಅಂತಿಮ ಬಿಲ್ಲಿನಲ್ಲಿ ಒಂದು ಕಾರಿನ ಆರಂಭದ ರೀಡಿಂಗನ್ನು ಸೊನ್ನೆ ಎಂದು ಹಿಡಿದಿದ್ದರು. ಆ ಕಾರು ನಮಗಿಂತ ಮುಂಚೆ ಬೇರೆಡೆ ಓಡಿ ಬಂದದ್ದು. ಕಾರು ಪಡೆದ ದಿನದ ಹಸ್ತಾಂತರ ಪತ್ರ ಕಡತದಲ್ಲಿ ಇದ್ದುದರಿಂದ ಅದರ ಪ್ರತಿಯನ್ನು ಕಳುಹಿಸಿದೆ, ಮೊತ್ತವನ್ನು ತಿದ್ದಿ ಹೊಸ ಬಿಲ್ ಕೊಟ್ಟರು.

ಮುಂದಿನ ಕಾರುಗಳಿಗೂ ಇದೇ ಸಂಸ್ಥೆಯೊಡನೆ ಮಾತುಕತೆ ನಡೆಸುತ್ತಿದ್ದೇವೆ. ದೂರದ ದಾರಿಯ ಕಾರುಗಳಿಗೆ ಮೊದಲೇ 90,000 ಕಿಲೋಮೀಟರ್ ಮಿತಿ, ಎಲ್ಲ ಕಾರುಗಳ ಒಟ್ಟು ಲೆಕ್ಕದ ಷರತ್ತು, ಮೂರು ತಿಂಗಳಿಗೊಮ್ಮೆ ಓಟದ ವರದಿ: ಇವು ಮೂರೂ ಕರಾರಿನ ಮೊದಲ ಪುಟದಲ್ಲೇ ಬರಬೇಕೆಂದು ಕೇಳಿದ್ದೇವೆ. ಮೊದಲೆರಡಕ್ಕೆ ಒಪ್ಪಿಗೆ ಬಂದಿದೆ. ವರದಿಯ ಮಾತು ಬರಹದಲ್ಲಿ ಬಂದ ಮೇಲೆ ಸಹಿ ಹಾಕುತ್ತೇವೆ.