ಪಿಯಾನೋಗೆ ಮಿಡಿ: ಐದು ಪಿನ್ನೋ, ಯುಎಸ್‌ಬಿಯೋ, ಬ್ಲೂಟೂತೋ?

ಪಿಯಾನೋದಲ್ಲಿ ಯಾವ ಕೀ ಒತ್ತಿದಿರಿ ಎಂಬ ಸುದ್ದಿಯನ್ನು ಬೇರೆ ವಾದ್ಯಕ್ಕೋ ಲ್ಯಾಪ್‌ಟಾಪಿಗೋ ಫೋನಿಗೋ ಮುಟ್ಟಿಸುವ ಏರ್ಪಾಡು ಮಿಡಿ. ಅದನ್ನು ಜೋಡಿಸಲು ವೇದಿಕೆಗೆ ಐದು ಪಿನ್ನಿನ ದುಂಡು ತುದಿಯ ಕೇಬಲ್, ಮನೆಗೆ ಯುಎಸ್‌ಬಿ. ಬ್ಲೂಟೂತ್ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ಧಾರವಾಡದ ಮನೆಯಲ್ಲಿ, ಹುಬ್ಬಳ್ಳಿಯ ಕಾರ್ಯಕ್ರಮಗಳಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ ನನಗೆ ಅನಿಸಿದ್ದು ಇದು. ನನ್ನ ಡಿಜಿಟಲ್ ಪಿಯಾನೋ ಸ್ವಲ್ಪ ಹಳೆಯದು. ಹಾಗಾಗಿ ಅದರ ಬೆನ್ನಿಗೆ ಐದು ಪಿನ್ನಿನ ಇನ್, ಔಟ್ ಎರಡೂ ಇವೆ, ಯುಎಸ್‌ಬಿಯೂ ಇದೆ. ಈಗ ಬರುವ ಎಷ್ಟೋ ಪಿಯಾನೋಗಳಲ್ಲಿ ಯುಎಸ್‌ಬಿ ಒಂದೇ ಇರುತ್ತದೆ. ಕೊಳ್ಳುವ ಮುಂಚೆ ಹಿಂದೆ ಬಗ್ಗಿ ನೋಡಿ.

ಐದು ಪಿನ್ 1983ರ ಕಾಲದ್ದು. ಸೆಕೆಂಡಿಗೆ 31,250 ಬಿಟ್, ಅಷ್ಟೇ ವೇಗ. ಆದರೆ ಈ ತಂತಿಯಲ್ಲಿ ಧ್ವನಿ ಹೋಗುವುದಿಲ್ಲ ಅಲ್ವಾ? ಯಾವ ಕೀ, ಎಷ್ಟು ಜೋರು, ಯಾವಾಗ ಬಿಟ್ಟಿರಿ ಎಂಬ ಸುದ್ದಿ ಮಾತ್ರ. ಒಂದು ಸ್ವರದ ಸುದ್ದಿ ಮಿಲಿಸೆಕೆಂಡಿನೊಳಗೆ ತಲುಪುತ್ತದೆ. ಭಾವಗೀತೆಗೆ ಸಾಥ್ ಕೊಡುವವರಿಗೆ ಇನ್ನೆಷ್ಟು ವೇಗ ಬೇಕು?

ಇದರ ನಿಜವಾದ ಲಾಭ ಬೇರೆ ಇದೆ. ನಾನು ಪಿಯಾನೋದಿಂದ ಒಂದು ಸೌಂಡ್ ಮಾಡ್ಯೂಲ್ (ಕೀಗಳಿಲ್ಲದ, ಬರೀ ಸದ್ದು ಹೊರಡಿಸುವ ಡಬ್ಬಿ) ನುಡಿಸುತ್ತೇನೆ. ಇದರ ಔಟ್, ಅದರ ಇನ್. ಕೆಲಸ ಮುಗಿಯಿತು. ಅದೇ ಎರಡನ್ನೂ ಯುಎಸ್‌ಬಿಯಿಂದ ನೇರವಾಗಿ ಜೋಡಿಸಿದರೆ ಸದ್ದೇ ಇಲ್ಲ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ ಬೇಕು: ಲ್ಯಾಪ್‌ಟಾಪ್, ಫೋನ್, ಇಲ್ಲವೇ ಅದಕ್ಕೆಂದೇ ಸಿಗುವ ಹೋಸ್ಟ್ ಡಬ್ಬಿ. ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದು ನಡುವೆ ಅಪ್‌ಡೇಟ್ ಕೇಳೀತೇನೋ ಎಂದು ಹೆದರುತ್ತ ಕೂರುವುದು ಯಾರಿಗೆ ಬೇಕು?

ಇನ್ನೊಂದು, ಗುಂಯ್ ಎನ್ನುವ ಸದ್ದು. ಪಿಯಾನೋ, ಲ್ಯಾಪ್‌ಟಾಪ್ ಎರಡೂ ಒಂದೇ ಮಿಕ್ಸರ್‌ಗೆ ಹೋಗಿ, ನಡುವೆ ಯುಎಸ್‌ಬಿಯೂ ಇದ್ದರೆ ಸ್ಪೀಕರ್‌ನಲ್ಲಿ ಅದು ಶುರುವಾಗುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಥಟ್ಟನೆ ಮಾಯ, ಸಿಕ್ಕಿಸಿದರೆ ಮತ್ತೆ ಹಾಜರ್. ಎರಡು ಯಂತ್ರಗಳ ಅರ್ಥಿಂಗ್ ಒಂದಕ್ಕೊಂದು ಸೇರಿ ಸುತ್ತು ಹಾಕಿಕೊಂಡಾಗ ಹೀಗಾಗುತ್ತದೆ. ಐದು ಪಿನ್ನಿನಲ್ಲಿ ಈ ಕಾಟ ಇಲ್ಲ. ಸುದ್ದಿ ಪಡೆಯುವ ಕಡೆ ಆಪ್ಟೊಕಪ್ಲರ್ ಎಂಬ ಪುಟ್ಟ ಚಿಪ್ ಇರುತ್ತದೆ. ಒಳಗೊಂದು ಎಲ್‌ಇಡಿ ಮಿನುಗುತ್ತದೆ, ಎದುರಿನ ಸೆನ್ಸರ್ ಆ ಬೆಳಕನ್ನು ಓದುತ್ತದೆ. ಎರಡು ಯಂತ್ರಗಳ ನಡುವೆ ಕರೆಂಟಿನ ನಂಟೇ ಇರುವುದಿಲ್ಲ. ಕೇಬಲ್ 15 ಮೀಟರ್‌ವರೆಗೂ ಎಳೆಯಬಹುದು. ಅದೂ ಕೆಲಸಕ್ಕೆ ಬರುವುದು ಮೂರೇ ಪಿನ್, ಆದ್ದರಿಂದ ತುದಿ ಕಿತ್ತುಬಂದರೆ ಮೈಕ್ ಸೆಟ್‌ನವರೇ ಬೆಸುಗೆ ಹಾಕಿ ಕೊಡುತ್ತಾರೆ.

ಮನೆಯ ಲೆಕ್ಕ ಬೇರೆ. ರೆಕಾರ್ಡಿಂಗ್‌ಗೆ, ಕಲಿಯುವ ಆ್ಯಪ್‌ಗೆ ಯುಎಸ್‌ಬಿಯೇ ಸಲೀಸು. ಪ್ರಿಂಟರ್‌ಗೆ ಹಾಕುವ ಚೌಕ ತುದಿಯ ಕೇಬಲ್, ಫೋನ್ ಕಡೆ ಒಟಿಜಿ (ಫೋನಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಲು ಬೇಕಾದ ಪುಟ್ಟ ಅಡಾಪ್ಟರ್), ಅಷ್ಟು ಸಾಕು. ಆಂಡ್ರಾಯ್ಡ್ 6ರಿಂದ ಮಿಡಿಗೆ ಬೆಂಬಲ ಫೋನಿನಲ್ಲೇ ಇದೆ. ಪಿಯಾನೋದಲ್ಲಿ ಚಪ್ಪಟೆ ಯುಎಸ್‌ಬಿಯೂ ಇದ್ದರೆ ಅದು ಪೆನ್ ಡ್ರೈವ್‌ಗೆ, ಅದರ ತಂಟೆ ಬೇಡ. ಒಂದೇ ಕೀ ಎರಡೆರಡು ಸಲ ಕೇಳಿಸಿದರೆ ಪಿಯಾನೋದಲ್ಲಿ ಲೋಕಲ್ ಕಂಟ್ರೋಲ್ (ಕೀ ಒತ್ತಿದರೆ ಪಿಯಾನೋ ತಾನೇ ನುಡಿಯುವ ಸೆಟ್ಟಿಂಗ್) ಆಫ್ ಮಾಡಿ.

ಬ್ಲೂಟೂತ್‌ಗೆ ಐದು ಪಿನ್ನಿಗೇ ಸಿಕ್ಕಿಸುವ ಪುಟ್ಟ ಅಡಾಪ್ಟರ್ ಹಾಕಿದ್ದೆ. ಕರೆಂಟನ್ನೂ ಪಿಯಾನೋದಿಂದಲೇ ಎಳೆದುಕೊಳ್ಳುತ್ತದೆ. ಫೋನಿನ ಮಾಮೂಲಿ ಬ್ಲೂಟೂತ್ ಪಟ್ಟಿಯಿಂದ ಜೋಡಿಸಲು ಹೋಗಬೇಡಿ, ಮ್ಯೂಸಿಕ್ ಆ್ಯಪ್‌ನ ಒಳಗಿನಿಂದ ಜೋಡಿಸಬೇಕು. ಮನೆಯಲ್ಲಿ ಚೆನ್ನಾಗಿಯೇ ನಡೆಯಿತು. ಗಣಪತಿ ಪೆಂಡಾಲಿನಲ್ಲಿ, ನೂರಾರು ಫೋನುಗಳ ನಡುವೆ, ದ್ರುತ್ ಲಯಕ್ಕೆ ಬಂದಾಗ ಸ್ವರಗಳು ಮುಗ್ಗರಿಸಿದವು. ಬ್ಲೂಟೂತ್ ಇಯರ್‌ಫೋನ್ ಅಂತೂ ಬೇಡವೇ ಬೇಡ. ಸದ್ದು ತಡವಾಗಿ ಬರುತ್ತದೆ: ಬೆರಳು ಒಂದು ಕಡೆ, ಸದ್ದು ಇನ್ನೊಂದು ಕಡೆ.

ಐದು ಪಿನ್ ಮಾತ್ರ ಇರುವ ಪಿಯಾನೋವನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಅಗ್ಗದ ಕೇಬಲ್ ಸಿಗುತ್ತದೆ, ಒಂದು ತುದಿ ಯುಎಸ್‌ಬಿ. ಕೆಲವದರಲ್ಲಿ ಇನ್ ಎಂದು ಬರೆದ ತುದಿಯನ್ನು ಪಿಯಾನೋದ ಔಟ್‌ಗೆ ಹಾಕಬೇಕು, ಕೆಲವದರಲ್ಲಿ ಇನ್‌ಗೇ. ಕೀ ಒತ್ತಿದಾಗ ಕೇಬಲ್‌ನ ದೀಪ ಮಿನುಗದಿದ್ದರೆ ಸುಮ್ನೆ ಅದಲುಬದಲು ಮಾಡಿ ನೋಡಿ. ಏನೂ ಸುಡುವುದಿಲ್ಲ.